ತುತ್ತು ಸಿಕ್ಕಿಕೊಂಡರೆ ಗಂಜಿ ಮದ್ದಲ್ಲ

ಫೆಬ್ರವರಿ 3 ಸಂತ ಬ್ಲೇಸರ ಸ್ಮರಣೆಯ ದಿನ. ಅಂದು ಗುರುಗಳು ಎರಡು ಮೇಣದ ಬತ್ತಿಗಳನ್ನು ಅಡ್ಡಲಾಗಿ ಹಿಡಿದು ನಮ್ಮ ಗಂಟಲನ್ನು ಆಶೀರ್ವದಿಸುತ್ತಾರೆ. ಮೀನಿನ ಮುಳ್ಳು ಸಿಕ್ಕಿದ ಬಾಲಕನನ್ನು ಆ ಸಂತರು ಬದುಕಿಸಿದ ಕಥೆ ನಮಗೆಲ್ಲ ಗೊತ್ತು. ಮುಳ್ಳು ಸಿಕ್ಕಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತೇವೆ. ಆದರೆ ಹಿರಿಯರೊಬ್ಬರು "ಅನ್ನ ಎದೆಯಲ್ಲಿ ನಿಂತಂತಾಗುತ್ತದೆ" ಎಂದರೆ ಮರುದಿನದಿಂದ ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡಿ ಕೊಟ್ಟು ಸುಮ್ಮನಾಗುತ್ತೇವೆ. ಪ್ರೀತಿಯಿಂದಲೇ ಮಾಡುವ ಈ ಉಪಚಾರ ರೋಗವನ್ನು ಮರೆಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬಾಯಿಯಿಂದ ಹೊಟ್ಟೆಗೆ ಆಹಾರ ಸಾಗಿಸುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದರ ಕೆಳತುದಿಯಲ್ಲಿ ಬಳೆಯಂತಹ ಸ್ನಾಯುವಿದೆ. ತುತ್ತು ಬಂದಾಗ ಅದು ತೆರೆದು, ಮತ್ತೆ ಮುಚ್ಚಿಕೊಳ್ಳಬೇಕು. ಅದು ಸಡಿಲವಾದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತದೆ. ಇದೇ ಎದೆಯುರಿ, ಹುಳಿತೇಗು. ಹೊಟ್ಟೆಯ ಒಳಪೊರೆ ಆಮ್ಲವನ್ನು ತಾಳಿಕೊಳ್ಳುತ್ತದೆ, ಅನ್ನನಾಳದ ಪೊರೆ ತಾಳದು. ವರ್ಷಗಟ್ಟಲೆ ಸುಟ್ಟ ಜಾಗ ಊದಿಕೊಂಡು, ಹುಣ್ಣಾಗಿ, ಮಾಯುವಾಗ ಗಡುಸಾಗಿ ದಾರಿ ಕಿರಿದಾಗುತ್ತದೆ. ಆಗ ಮೊದಲು ಚಪಾತಿ, ಮಾಂಸದ ತುಂಡು ತಡೆಯುತ್ತದೆ, ಆಮೇಲೆ ಅನ್ನ. ದಾರಿ ಕಿರಿದಾದಾಗ ಕೆಲವರಿಗೆ ಹಳೆಯ ಉರಿ ಕಡಿಮೆಯಾಗುವುದೂ ಉಂಟು. ರೋಗ ಬಿಟ್ಟುಹೋಯಿತೆಂದು ಅವರು ಮೋಸಹೋಗುತ್ತಾರೆ.

ಇಂತಹ ಕಿರಿದಾದ ದಾರಿಯನ್ನು ಎಂಡೋಸ್ಕೋಪಿ ಮೂಲಕ ಹಿಗ್ಗಿಸಬಹುದು, ಆಮ್ಲ ತಗ್ಗಿಸುವ ಔಷಧದಿಂದ ಮತ್ತೆ ಕಿರಿದಾಗದಂತೆ ನೋಡಿಕೊಳ್ಳಬಹುದು. ಆದರೆ ತುತ್ತು ಸಿಕ್ಕಿಕೊಳ್ಳುವುದು ಅನ್ನನಾಳದ ಕ್ಯಾನ್ಸರಿನ ಲಕ್ಷಣವೂ ಹೌದು. ಇದು ಯಾವುದು ಎಂದು ಹೊರಗಿನಿಂದ ನೋಡಿ ಹೇಳಲಾಗದು. ಒಳಗೆ ನೋಡಿಯೇ ತಿಳಿಯಬೇಕು. ಅಂಗಡಿಯಿಂದ ಪಾಂಟೊಪ್ರಜೋಲ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿಗೆ ನಾವು ಹೇಳುವುದಿಷ್ಟೆ: ಉರಿ ಶಮನವಾದ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ.

ಕಾಸರಗೋಡಿನ ನಮಗೆ ಇನ್ನೊಂದು ಕಷ್ಟದ ಮಾತಿದೆ. ಅಡಿಕೆ ನಮ್ಮ ಅನ್ನ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹೊಗೆಸೊಪ್ಪು ಸೇರಿದ ವೀಳ್ಯ, ಬೀಡಿ, ಸಾರಾಯಿ ಇವು ಅನ್ನನಾಳಕ್ಕೂ ಅಪಾಯಕಾರಿ. ಬೆಳೆಯುವವರು ನಾವೆಂದು ಇದನ್ನು ಮುಚ್ಚಿಡುವುದು ಸರಿಯಲ್ಲ. ವೀಳ್ಯ ಹಾಕುವವರು ತುತ್ತು ತಡೆದರೆ ಒಂದು ದಿನವೂ ಉದಾಸೀನ ಮಾಡಬಾರದು.

ಬರಿಯ ಎದೆಯುರಿ ಇರುವವರು ಮಲಗುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಸಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರು ಇಂಚಿನ ಮರದ ತುಂಡು ಇಡಲಿ. ತೂಕ ಹೆಚ್ಚಿದ್ದರೆ ಇಳಿಸಲಿ. ತಪಸ್ಸುಕಾಲದಲ್ಲಿ ಹಗಲೆಲ್ಲ ಉಪವಾಸವಿದ್ದು ರಾತ್ರಿ ಹೊಟ್ಟೆ ಬಿರಿಯುವಷ್ಟು ಉಂಡು ಮಲಗುವುದು ಬೇಡ. ಮಾತ್ರೆಗಳನ್ನು ಕುಳಿತೇ, ಲೋಟ ತುಂಬ ನೀರಿನೊಂದಿಗೆ ನುಂಗಬೇಕು.

ಆದರೆ ತುತ್ತು ತಡೆಯುವುದು, ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಸಾಕು, ವೈದ್ಯರ ಬಳಿಗೆ ಹೋಗಬೇಕು. ರಕ್ತವಾಂತಿಯಾದರೆ, ಉಗುಳನ್ನೂ ನುಂಗಲಾಗದಿದ್ದರೆ ಆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಿರಿಯರು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಖರ್ಚಾಗುತ್ತದೆಂದು ಹೆದರುತ್ತಾರೆ. ಆದ್ದರಿಂದ ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವರ ತಟ್ಟೆಯ ಕಡೆ ಒಮ್ಮೆ ನೋಡೋಣ. ಯಾರು ಪ್ರತಿ ತುತ್ತಿಗೂ ನೀರು ಕುಡಿಯುತ್ತಾರೆ? ಯಾರು ಅನ್ನ ಬಿಟ್ಟು ತಿಳಿ ಮಾತ್ರ ಕೇಳುತ್ತಾರೆ? ಗಂಟಲಿನ ಆಶೀರ್ವಾದ ಪಡೆಯಲು ಅವರ ಕೈಹಿಡಿದು ಇಗರ್ಜಿಗೆ ಕರೆದೊಯ್ಯುವ ನಾವು, ವೈದ್ಯರಲ್ಲಿಗೂ ಹಾಗೆಯೇ ಕರೆದೊಯ್ಯೋಣ.