ಮಿರ್ಚಿ ಎಲ್ಲಿ ಚಲೋ ಸಿಗತೈತ್ರೀ?

ನೇಸರಗಿಯಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಎರಡು ಥರ ಬರುತ್ತದೆ. ನೀವು ಬೆಳಗಾವಿ–ಬಾಗಲಕೋಟೆ ಬಸ್ಸಿನಿಂದ ಚಾ ಕುಡಿಯೋಕೆ ಇಳಿದವರು ಅಂತ ಕಂಡರೆ, ಎದುರಿಗೇ ನಿಂತಿರುವ ಗಾಡಿ ಕಡೆ ಕೈ ತೋರಿಸ್ತಾರೆ. ಊರಲ್ಲೇ ಉಳಿಯೋರು ಅಂತ ಗೊತ್ತಾದರೆ ಮಾತ್ರ ಒಂದು ಕ್ಷಣ ಯೋಚಿಸಿ, “ಊರಾಗ ಹೋಗ್ರಿ. ಈಗ ಬ್ಯಾಡ, ನಾಕೂವರಿ ಮ್ಯಾಲ ಹೋಗ್ರಿ” ಅಂತಾರೆ. ಅಂಗಡಿ ಹೆಸರು ಹೇಳೋದಿಲ್ಲ. ಬಹಳ ಸಲ ಅದಕ್ಕೆ ಹೆಸರೂ ಇರೋದಿಲ್ಲ, ಬೋರ್ಡೂ ಇರೋದಿಲ್ಲ.

ಒಳ್ಳೆ ಮಿರ್ಚಿ ಅಂಗಡಿ ಅಂದರೆ ಏನು ಅನ್ನೋದರ ಅರ್ಧ ಗುಟ್ಟು ಈ ಎರಡು ಉತ್ತರಗಳ ನಡುವೆ ಇದೆ. ದಾರಿ ಮೇಲಿನ ಗಾಡಿಗೆ ನೀವು ಇನ್ನೊಮ್ಮೆ ಬರಬೇಕು ಅಂತೇನಿಲ್ಲ. ಯರಗಟ್ಟಿ ಕಡೆಗೋ ಬೈಲಹೊಂಗಲದ ಕಡೆಗೋ ಹೋಗುವ ಮುಂದಿನ ಬಸ್ಸು ಬರ್ತದೆ, ಯಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಸ್ ಬರ್ತದೆ, ಹೊಸ ಗಿರಾಕಿ ಸಿಕ್ಕೇ ಸಿಗ್ತಾನೆ. ಓಣಿಯ ಒಳಗಿನ ಅಂಗಡಿಗೆ ಆ ಭಾಗ್ಯ ಇಲ್ಲ. ಅಲ್ಲಿ ನಿನ್ನೆ ತಿಂದವನೇ ಇವತ್ತೂ ಬರಬೇಕು. ರಾತ್ರಿ ಎದೆ ಉರಿದರೆ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಸಿಕ್ಕಾಗಲೇ ಕೇಳ್ತಾನೆ: “ಕಾಕಾ, ನಿನ್ನಿ ಎಣ್ಣಿ ಏನ್ ಹಾಕಿದ್ದಿ?” ಆ್ಯಪ್‌ನಲ್ಲಿ ಬರೆಯುವ ಯಾವ ರಿವ್ಯೂಗೂ ಈ ಪ್ರಶ್ನೆಯಷ್ಟು ಜೋರಿಲ್ಲ. (ದಾರಿ ಮೇಲಿನವರೆಲ್ಲ ಕೆಟ್ಟವರು ಅಂತಲ್ಲ. ಡ್ರೈವರ್, ಕಂಡಕ್ಟರ್‌ಗಳು ದಿನಾ ನಿಲ್ಲುವ ಗಾಡಿ ಹುಡುಕಿ. ಅವರೂ ಕಾಯಂ ಗಿರಾಕಿಗಳೇ.)

ಇಂಗ್ಲೆಂಡಿನಲ್ಲಿರುವ ಗೆಳೆಯರು ತಮ್ಮ ಓಣಿಯ ಮೀನು-ಚಿಪ್ಸ್ ಅಂಗಡಿ ಬಗ್ಗೆ ವಾದ ಮಾಡೋದನ್ನ ಕೇಳಿದರೆ ಇದೇ ಕಥೆ. ಅಲ್ಲಿ 1860ರ ದಶಕದಲ್ಲಿ ಲಂಡನ್ನಿನಲ್ಲೂ ಲ್ಯಾಂಕಾಶೈರಿನ ಗಿರಣಿ ಊರುಗಳಲ್ಲೂ ಶುರುವಾದದ್ದು ದುಡಿದು ದಣಿದವರ ಸಂಜೆ ತಿಂಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲಕ್ಕೂ ರೇಷನ್ ಹಾಕಿದ ಸರ್ಕಾರ ಮೀನು-ಚಿಪ್ಸ್ ಮುಟ್ಟಲಿಲ್ಲ. ಅದನ್ನೂ ಕಿತ್ತುಕೊಂಡರೆ ಜನ ಎದೆಗುಂದುತ್ತಾರೆ ಅನ್ನೋ ಲೆಕ್ಕ. ನಮ್ಮ ಕಡೆ ಮಳೆಗಾಲದಲ್ಲಿ ಮಿರ್ಚಿ ಅಂಗಡಿ ನಾಲ್ಕು ದಿನ ಮುಚ್ಚಿ ನೋಡಿ, ಆ ಲೆಕ್ಕ ನಿಮಗೂ ಅರ್ಥ ಆಗ್ತದೆ. ಎರಡೂ ಕಡೆ ವಿದ್ಯೆ ಒಂದೇ: ಹಿಟ್ಟಿನಲ್ಲಿ ಅದ್ದು, ಕಾದ ಎಣ್ಣೆಗೆ ಬಿಡು, ಬಿಸಿ ಆರುವ ಮೊದಲು ಕೈಗೆ ಕೊಡು. ಇಷ್ಟು ಸರಳ ಕೆಲಸದಲ್ಲಿ ಒಬ್ಬನದು ಚಲೋ, ಇನ್ನೊಬ್ಬನದು ಹಾಳು ಹೇಗಾಗ್ತದೆ?

ಮೆಣಸಿನಕಾಯಿಯಿಂದ ಶುರು ಮಾಡೋಣ. ಮಿರ್ಚಿಗೆ ಬೇಕಾದದ್ದು ತಿಳಿ ಹಸಿರಿನ, ಉದ್ದನೆಯ, ಸಿಪ್ಪೆ ಸ್ವಲ್ಪ ದಪ್ಪ ಇರುವ ಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಹೆಸರು ಪರದೇಶಕ್ಕೂ ಹೋಯಿತು. ಪಾಪ, ದಿನಾ ಸಂಜೆ ನಮ್ಮನ್ನು ಸಾಕುವ ಈ ಕಾಯಿಗೆ ಸಂತೆಯಲ್ಲಿ ‘ಭಜಿ ಮೆಣಸಿನಕಾಯಿ’ ಅನ್ನೋದಷ್ಟೇ ಹೆಸರು. ಖಾರ ಇರೋದು ಬೀಜದಲ್ಲಿ ಅಂತ ಎಲ್ಲರೂ ತಿಳಿದಿದ್ದೇವೆ. ನಿಜವಾಗಿ ಖಾರ ಹುಟ್ಟೋದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ ಅಷ್ಟೆ. ಗೊತ್ತಿರುವವರು ಕಾಯಿಯನ್ನ ಉದ್ದಕ್ಕೆ ಸೀಳಿ ಆ ತಿರುಳನ್ನ ಎಷ್ಟು ಬೇಕೋ ಅಷ್ಟು ಕೆರೆದು, ಜೀರಿಗೆ, ಉಪ್ಪು, ಹುಣಸೆಹಣ್ಣು ಕೂಡಿಸಿ ಅರೆದದ್ದನ್ನ ಒಳಗೆ ಸವರ್ತಾರೆ. ಮೊದಲ ಕಡಿತಕ್ಕೆ ಹುಳಿ, ಆಮೇಲೆ ಉಪ್ಪು, ಕೊನೆಗೆ ಹಿಂದಿನಿಂದ ಖಾರ. ಹುಣಸೆ ಸವರದ ಮಿರ್ಚಿ ನನ್ನ ಪ್ರಕಾರ ಬರೇ ಹಿಟ್ಟು ಸುತ್ತಿದ ಮೆಣಸಿನಕಾಯಿ. ಬೆಂಗಳೂರಿನ ಬಹಳಷ್ಟು ಬಜ್ಜಿ ಗಾಡಿಗಳು ಸೋಲೋದು ಇಲ್ಲೇ. ಬೈಯುವವರು ಬೈಯಲಿ.

ಹಿಟ್ಟು ಕಡಲೆಬೇಳೆಯದೇ ಆಗಿರಬೇಕು. ಅಗ್ಗದ ಹಳದಿ ಬಟಾಣಿ ಹಿಟ್ಟು ಬೆರೆಸೋದು ಹೊಸ ವಿದ್ಯೆ ಏನಲ್ಲ. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿ ಆಮದಿಗೆ ಸುಂಕ ತೆಗೆದ ಮೇಲೆ ಆಸೆ ಇನ್ನಷ್ಟು ಹೆಚ್ಚಿರಬೇಕು. ಅಜವಾನ ಕೈಯಲ್ಲಿ ತಿಕ್ಕಿ ಹಾಕಿದರೆ ಸಾಕು. ಸೋಡಾ ಚಿಟಿಕೆಯಷ್ಟು. ಉಬ್ಬಲಿ ಅಂತ ಸೋಡಾ ಸುರಿದರೆ ಭಜಿ ಬಲೂನಿನಂತಾಗಿ ಎಣ್ಣೆ ಕುಡಿದು ಕೂಡ್ತದೆ. ಬಣ್ಣ ಹಾಕಲೇಬಾರದು, ಕಡಲೆ ಹಿಟ್ಟಿಗೆ ತನ್ನದೇ ಹಳದಿ ಇದೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡಿತಲ್ಲ, ಆಗ ಪರೀಕ್ಷೆಗೆ ಹೋದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಬಂದವು. ಗೋಬಿ ಗಾಡಿಗಳು ಹಳ್ಳಿಗೂ ಬಂದು ಮಿರ್ಚಿಯವರ ಅರ್ಧ ಗಿರಾಕಿಗಳನ್ನ ಎಳೆದುಕೊಂಡದ್ದೇ ಆ ಕೆಂಪು ಬಣ್ಣದಿಂದ ಅನ್ನೋದು ನನ್ನ ಅನುಮಾನ.

ಈಗ ಎಣ್ಣೆ. ಇಡೀ ಅಂಗಡಿಯ ಹಣೆಬರಹ ಇರೋದು ಇಲ್ಲಿ.

ಹಿಟ್ಟು ಮೆತ್ತಿದ ಕಾಯಿ ಕಾದ ಎಣ್ಣೆಗೆ ಬಿದ್ದ ಕೂಡಲೇ ಸುತ್ತ ಗುಳ್ಳೆ ಏಳ್ತಾವಲ್ಲ, ಅದು ಒಳಗಿನ ನೀರು ಉಗಿಯಾಗಿ ಹೊರಗೆ ನುಗ್ಗೋದು. ಆ ಉಗಿ ನುಗ್ಗುತ್ತಿರುವವರೆಗೆ ಎಣ್ಣೆ ಸುಲಭಕ್ಕೆ ಒಳಗೆ ಹೋಗೋದಿಲ್ಲ. 170–180 ಡಿಗ್ರಿ ಕಾದಿದ್ದರೆ ಮೇಲಿನ ಪದರ ಬೇಗ ಗಟ್ಟಿಯಾಗ್ತದೆ. ಎಣ್ಣೆ ತಣ್ಣಗಿದ್ದರೆ, ಅಥವಾ ಗದ್ದಲ ಇದೆ ಅಂತ ಒಂದೇ ಸಲ ನಲವತ್ತು ಭಜಿ ಬಿಟ್ಟರೆ, ಉಗಿಯ ಜೋರು ಇಳಿದು ಭಜಿ ಎಣ್ಣೆ ಎಳೆದುಕೊಳ್ತದೆ. ಇನ್ನೊಂದು ಮಾತು ನನಗೆ ಬಹಳ ದಿನ ಹೊಳೆದಿರಲಿಲ್ಲ: ಬಹಳಷ್ಟು ಎಣ್ಣೆ ಒಳಗೆ ಸೇರೋದು ಭಜಿ ಕಡಾಯಿಯಿಂದ ಹೊರಗೆ ಬಂದ ಮೇಲೆ. ತಣ್ಣಗಾಗುವಾಗ ಒಳಗಿನ ಉಗಿ ಮತ್ತೆ ನೀರಾಗಿ, ಆ ಖಾಲಿ ಜಾಗಕ್ಕೆ ಮೇಲೆ ಅಂಟಿದ ಎಣ್ಣೆ ಎಳೆದುಕೊಂಡು ಹೋಗ್ತದೆ. ಅದಕ್ಕೇ ಚಲೋ ಭಜಿಯವನು ಜಾಲರಿ ಸೌಟನ್ನ ಕಡಾಯಿ ಅಂಚಿಗೆ ಎರಡು ಸಲ ಟಕ್ ಟಕ್ ಅಂತ ಬಡಿದೇ ಭಜಿ ಇಳಿಸೋದು. ಅದು ಸ್ಟೈಲ್ ಅಲ್ಲ, ಎಣ್ಣೆ ಒಳಗೆ ಹೋಗುವ ಮೊದಲೇ ಉದುರಿಸುವ ಉಪಾಯ.

ಹಳೇ ಎಣ್ಣೆ ಗುರುತು ಹಿಡಿಯೋಕೆ ಬಣ್ಣ ಒಂದನ್ನೇ ನಂಬಬೇಡಿ. ನೊರೆ ನೋಡಿ. ಭಜಿ ತೆಗೆದ ಮೇಲೂ ನೊರೆ ಇಳಿಯದೆ ಅಂಚಿನಲ್ಲಿ ನಿಂತಿದೆಯಾ? ಉರಿ ಸಣ್ಣಗಿದ್ದರೂ ಹೊಗೆ ಏಳ್ತಿದೆಯಾ? ಕಡಾಯಿಯ ಅಂಚು ಅಂಟಂಟಾಗಿದೆಯಾ? ಹಾಗಿದ್ದರೆ ಚಾ ಅಷ್ಟೇ ಕುಡಿದು ಹೊರಡಿ. ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೊಂದು ಅಳತೆ ಇಟ್ಟಿದೆ. ಎಣ್ಣೆ ಕಾದು ಕಾದು ಒಡೆದಾಗ ಹುಟ್ಟುವ ‘ಪೋಲಾರ್’ ಪದಾರ್ಥಗಳು ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸಬಾರದು; 2018ರ ಜುಲೈ 1ರಿಂದ ಈ ನಿಯಮ ಇದೆ. ಅದೇ ವರ್ಷ ಆಗಸ್ಟ್‌ನಲ್ಲಿ ಬಳಸಿದ ಎಣ್ಣೆಯನ್ನ ಕೊಂಡು ಬಯೋಡೀಸೆಲ್ ಮಾಡುವ ‘ರುಕೋ’ ಯೋಜನೆಯೂ ಶುರುವಾಯಿತು. ಆದರೆ ಲೆಕ್ಕ ಬರೆದಿಡಬೇಕು ಅನ್ನೋ ನಿಯಮ ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರಿಗೆ. ಸಂಜೆ ಮೂರು ತಾಸು ನಡೆಯುವ ಮಿರ್ಚಿ ಅಂಗಡಿ ಅದರ ಹತ್ತಿರಕ್ಕೂ ಬರೋದಿಲ್ಲ. ಹಾಗಾಗಿ ಸಣ್ಣ ಅಂಗಡಿಯಲ್ಲಿ ಎಣ್ಣೆ ಕಾಯುವವರು ಇಬ್ಬರೇ: ಕರಿಯುವವನ ಮನಸ್ಸು, ತಿನ್ನುವವನ ಕಣ್ಣು.

ಮನಸ್ಸು ಚಲೋ ಇದ್ದರೂ ಲೆಕ್ಕ ಕೂಡಬೇಕಲ್ಲ. ನಮ್ಮ ಕಡೆ ಮೊದಲು ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಇದ್ದವು. ಈಗ ಬಹಳಷ್ಟು ಕಡಾಯಿಗಳಲ್ಲಿ ಇರೋದು ತಾಳೆ ಎಣ್ಣೆ. ಅಗ್ಗ, ಕಾದರೂ ಬೇಗ ಕೆಡೋದಿಲ್ಲ. ನಮ್ಮ ದೇಶ ತನ್ನ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನ ಹೊರಗಿನಿಂದ ತರಿಸ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ತುಟ್ಟಿ ಆಯಿತು. ಏಪ್ರಿಲ್ 28ರಿಂದ ಮೇ 23ರವರೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಸುಂಕ ಏರಿಸಿತು, 2025ರ ಮೇ ಕೊನೆಗೆ ಕಚ್ಚಾ ಎಣ್ಣೆ ಮೇಲಿನದನ್ನ ಇಳಿಸಿತು. ಜಕಾರ್ತಾದಲ್ಲೋ ದಿಲ್ಲಿಯಲ್ಲೋ ಒಂದು ಸಹಿ ಬಿದ್ದರೆ ನೇಸರಗಿಯ ಕಡಾಯಿಗೆ ಅದರ ಬಿಸಿ ತಾಕ್ತದೆ. ಅದರ ಮೇಲೆ 19 ಕಿಲೋ ಸಿಲಿಂಡರ್, ಹಿಟ್ಟು, ಬಾಡಿಗೆ.

ಇಷ್ಟರ ನಡುವೆ ಮಿರ್ಚಿ ರೇಟು ಐದು ರೂಪಾಯಿ ಏರಿಸಿದರೆ ನಾವು ಏನು ಮಾಡ್ತೇವೆ? “ಏನ್ ಕಾಕಾ, ಬಂಗಾರದ ಮಿರ್ಚಿ ಮಾಡಾಕತ್ತಿಯೇನ?” ಅಂತೇವೆ. ಬೆಂಗಳೂರಿನಲ್ಲಿ ಡೆಲಿವರಿ ಚಾರ್ಜ್ ಅಂತ ಅದರ ಹತ್ತು ಪಟ್ಟು ಕೊಟ್ಟು ಸುಮ್ಮನಿರುವ ನಮ್ಮಂಥವರೇ ಊರಿಗೆ ಬಂದಾಗ ಜೋರು ಮಾಡೋದು. ಇದನ್ನೇ ಒಬ್ಬ ಅಂಗಡಿಯವರ ಹತ್ತಿರ ಕೇಳಿದ್ದೆ. ಅವರು ಕೈಯಾಡಿಸುತ್ತಲೇ ಅಂದರು: “ನೋಡ್ರಿ ತಮ್ಮಾ, ರೇಟ್ ಏರಿಸಬೇಕು, ಇಲ್ಲಾ ಮಿರ್ಚಿ ಸಣ್ಣದು ಮಾಡಬೇಕು, ಇಲ್ಲಾ ಎಣ್ಣಿ ಒಂದಿನ ಹೆಚ್ಚಿಗಿ ಎಳೀಬೇಕು. ಮೊದಲಿನ ಎರಡು ಮಾಡಿದ್ರ ಜನಕ್ಕ ಕಾಣಸ್ತೈತಿ, ಬೈತಾರ. ಮೂರನೇದು ಕಾಣಸೂದಿಲ್ಲ.” ಕಾಣದ ಆ ಮೂರನೇ ದಾರಿ ಹಿಡಿಯದವನ ಅಂಗಡಿಯೇ ಒಳ್ಳೆ ಅಂಗಡಿ. ಅವನು ಅದನ್ನ ಹಿಡಿಯದಂತೆ ಇಡೋದು ಅರ್ಧ ನಮ್ಮ ಕೈಯಲ್ಲಿದೆ. ಹಳೇ ಎಣ್ಣೆಗೆ ಹೊಸ ಎಣ್ಣೆ ಬೆರೆಸಿ ದೂಡೋದು ನಮ್ಮ ಕೆಲಸದಲ್ಲಿ ಹಳೇ ಕೋಡ್ ಮೇಲೆ ಪ್ಯಾಚ್ ಹಾಕಿದ ಹಾಗೆ. ಇವತ್ತು ನಡೀತದೆ, ಬಿಲ್ ಮುಂದೆ ಯಾರಿಗೋ ಬರ್ತದೆ. ಇಲ್ಲಿ ಬರೋದು ನಮ್ಮ ಹೊಟ್ಟೆಗೇ.

ಗಿರ್ಮಿಟ್ ಬಗ್ಗೆ ಎರಡು ಮಾತು ಹೇಳದಿದ್ದರೆ ನಮ್ಮ ಕಡೆಯವರು ಬಿಡೋದಿಲ್ಲ. ಚುರುಮುರಿ ಕೈಯಲ್ಲಿ ಹಿಡಿದರೆ ಮುರಿಯುವಂತಿರಬೇಕು. ಹುಣಸೆ-ಬೆಲ್ಲದ ಉಳ್ಳಾಗಡ್ಡಿ ಒಗ್ಗರಣೆ ಮೊದಲೇ ಮಾಡಿಟ್ಟಿರಲಿ, ತೊಂದರೆ ಇಲ್ಲ. ಆದರೆ ಚುರುಮುರಿಗೆ ಅದನ್ನ ಕಲಸೋದು ನೀವು ಹೇಳಿದ ಮೇಲೆ. ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಮೊದಲೇ ಕಲಸಿಟ್ಟ ಗಿರ್ಮಿಟ್ ಅಂದರೆ ಅದು ಸುಸಲಾ ಆಗೋಕೆ ಹೊರಟು ದಾರಿ ತಪ್ಪಿದ್ದು. ಒಳ್ಳೆ ಅಂಗಡಿಯಲ್ಲಿ ಮಿರ್ಚಿ, ಉಳ್ಳಾಗಡ್ಡಿ ಭಜಿ, ಗಿರ್ಮಿಟ್, ಚಾ ಇಷ್ಟೇ ಇರ್ತದೆ. ಮಳೆ ಬಂದ ದಿನ ಬದನಿಕಾಯಿ ಭಜಿ. ಬೋರ್ಡಿನಲ್ಲಿ ನೂಡಲ್ಸ್, ವಡಾಪಾವ್, ಫ್ರೈಡ್ ರೈಸ್ ಎಲ್ಲ ಸಾಲಾಗಿ ಕಂಡರೆ ಯಾವುದಕ್ಕೂ ದಿನದ ಗಿರಾಕಿ ಸಾಲುತ್ತಿಲ್ಲ ಅಂತ ಅರ್ಥ, ಅಂದರೆ ಯಾವುದೋ ಒಂದು ನಿನ್ನೆಯದು.

ಕಟ್ಟಿಕೊಡೋ ಕಾಗದವನ್ನೂ ನೋಡಿ. ಪೇಪರಿನ ಹಾಳೆಯಲ್ಲಿ ಬಿಸಿ ಮಿರ್ಚಿ ತಿನ್ನುತ್ತಾ ಹಳೇ ಸುದ್ದಿ ಓದೋದರಲ್ಲಿ ಮಜಾ ಇತ್ತು, ಒಪ್ಪುತ್ತೇನೆ. ಆದರೆ ಬಿಸಿ ಎಣ್ಣೆಗೆ ಶಾಯಿ ಬಿಟ್ಟುಕೊಳ್ತದೆ. ಇಂಗ್ಲೆಂಡಿನವರೂ ತಮ್ಮ ಮೀನು-ಚಿಪ್ಸನ್ನ ಸುದ್ದಿಪತ್ರಿಕೆಯಲ್ಲಿ ಕಟ್ಟೋದನ್ನ 1980ರ ದಶಕದ ಹೊತ್ತಿಗೆ ಬಿಟ್ಟರು. ನಮ್ಮಲ್ಲಿ 2018ರ ಪ್ಯಾಕೇಜಿಂಗ್ ನಿಯಮ ಅದನ್ನ ನಿಷೇಧಿಸಿದೆ. ಮುತ್ತಲ ಎಲೆಯ ದೊನ್ನೆ ಇಟ್ಟುಕೊಂಡ ಅಂಗಡಿ ಸಿಕ್ಕರೆ ನಿಮ್ಮ ಪುಣ್ಯ.

ಕೊನೆಯ ಗುರುತು ಏಳು ಗಂಟೆಗೆ ಸಿಗ್ತದೆ. ಹಿಟ್ಟಿನ ಬೋಗಾಣಿ ಖಾಲಿ, ಕಡಾಯಿ ಕೆಳಗಿನ ಉರಿ ಆರಿಸಿದ್ದಾರೆ, ಕಟ್ಟೆ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದಾರೆ. ಬೈಕಿನಲ್ಲಿ ಬಂದವನೊಬ್ಬ ಇಳಿಯದೆಯೇ ಕೇಳ್ತಾನೆ, “ಕಾಕಾ, ಎರಡ ಪ್ಲೇಟ್ ಆಗ್ತಾವೇನ್ರೀ?” ಇನ್ನೊಂದು ಸೇರು ಹಿಟ್ಟು ಕಲಸಿದರೆ ಇನ್ನೂ ಇನ್ನೂರು ರೂಪಾಯಿ ವ್ಯಾಪಾರ ಆಗ್ತದೆ. ಕಾಕಾ ಕಡಾಯಿ ಕಡೆ ನೋಡ್ತಾರೆ, ಅವನ ಕಡೆ ನೋಡ್ತಾರೆ.

“ಎಣ್ಣಿ ಇವತ್ತಿಂದು ಮುಗೀತೋ ತಮ್ಮಾ. ನಾಳೆ ಬಾ.”