ತೂಕ ಮತ್ತು ತೀರ್ಪು

ತರಗತಿಯಲ್ಲಿ ದಪ್ಪ ಮೈಯ ಹುಡುಗನೊಬ್ಬನಿದ್ದರೆ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ಆಟದ ಬಯಲಿನಲ್ಲಿ, ಬೀದಿಯಲ್ಲಿ, ಕೆಲವೊಮ್ಮೆ ಮನೆಯಲ್ಲಿಯೂ ಅವನು ‘ಡುಮ್ಮ’ನೇ. ಮದುವೆಯ ಪಂಕ್ತಿಯಲ್ಲಿ ಅವನು ಎರಡನೆಯ ಹೋಳಿಗೆ ಹಾಕಿಸಿಕೊಂಡರೆ ಸುತ್ತಲಿನವರ ಕಣ್ಣೆಲ್ಲ ಅವನ ಎಲೆಯ ಮೇಲೆ. ಪಕ್ಕದಲ್ಲಿ ಕುಳಿತ ಕಡ್ಡಿದೇಹದವನು ನಾಲ್ಕನ್ನು ಮುಗಿಸಿದರೂ ಕೇಳುವವರಿಲ್ಲ. ‘ಉಂಡದ್ದು ಮೈಗೆ ಹತ್ತುವುದಿಲ್ಲ, ಪಾಪ’ ಎಂಬ ಅನುಕಂಪ ಬೇರೆ! ಒಬ್ಬನಿಗೆ ಉಂಡದ್ದು ಮೈಗೆ ಹತ್ತದಿರುವುದು ತಪ್ಪಲ್ಲವಾದರೆ, ಇನ್ನೊಬ್ಬನಿಗೆ ಹತ್ತುವುದು ಹೇಗೆ ಅಪರಾಧವಾದೀತು?

ಸ್ಥೂಲಕಾಯವು ಹೊಟ್ಟೆಬಾಕತನದ ಮತ್ತು ಸೋಮಾರಿತನದ ಫಲವೆಂದು ಲೋಕವು ಬಹುಕಾಲದಿಂದ ತೀರ್ಪು ಕೊಟ್ಟಿದೆ. ಈ ತೀರ್ಪನ್ನು ಮೊದಲು ಅಲುಗಿಸಿದ್ದು ಒಂದು ಇಲಿ. 1949ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ, ತಿನ್ನುವುದನ್ನು ನಿಲ್ಲಿಸಲಾರದೆ ಊದಿಕೊಳ್ಳುವ ಇಲಿಗಳು ಕಂಡುಬಂದವು. ಅವುಗಳ ಗುಟ್ಟು ಬಯಲಾದದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಆ ಇಲಿಗಳಲ್ಲಿ ಕೆಟ್ಟುಹೋಗಿದ್ದ ವಂಶವಾಹಿಯನ್ನು ಪತ್ತೆಹಚ್ಚಿದರು. ದೇಹದ ಕೊಬ್ಬು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸಿ, ‘ಸಂಗ್ರಹ ಸಾಕಷ್ಟಿದೆ’ ಎಂದು ಮಿದುಳಿಗೆ ತಿಳಿಸುತ್ತಿರುತ್ತದೆ. ಆ ಇಲಿಗಳಲ್ಲಿ ಲೆಪ್ಟಿನ್ ಇರಲಿಲ್ಲ. ಕಣಜ ತುಂಬಿ ತುಳುಕುತ್ತಿದ್ದರೂ ಸುದ್ದಿ ಯಜಮಾನನಿಗೆ ಮುಟ್ಟದೆ, ಅವನು ಬರಗಾಲವೆಂದೇ ಬಗೆದು ಮತ್ತಷ್ಟು ಧಾನ್ಯ ತುಂಬಿಸಿದಂತಾಯಿತು ಅವುಗಳ ಪಾಡು.

ಇಲಿಯ ಮಾತು ಮನುಷ್ಯನಿಗೂ ಸಲ್ಲುವುದೇ? 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ವಿಜ್ಞಾನಿಗಳು ಪಾಕಿಸ್ತಾನ ಮೂಲದ ಒಂದೇ ಕುಟುಂಬದ ಇಬ್ಬರು ಮಕ್ಕಳ ವಿಷಯವನ್ನು ಪ್ರಕಟಿಸಿದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋಗ್ರಾಂ. ಎರಡು ವರ್ಷದ ಹುಡುಗನದು 29. ಹುಟ್ಟಿದಾಗ ಇಬ್ಬರೂ ಎಲ್ಲರಂತೆಯೇ ಇದ್ದರು. ಅನಂತರ ಅವರ ಹಸಿವು ತಣಿಯಲೇ ಇಲ್ಲ. ರಕ್ತಸಂಬಂಧದಲ್ಲಿ ಮದುವೆಗಳು ನಡೆಯುತ್ತಿದ್ದ ಮನೆತನ ಅದು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ದೋಷವುಳ್ಳ ಎರಡು ಪ್ರತಿಗಳೂ ಮಗುವಿಗೆ ಬಂದಿದ್ದವು. (ಸೋದರಿಕೆಯ ಸಂಬಂಧಗಳು ರೂಢಿಯಲ್ಲಿರುವ ಕರ್ನಾಟಕದ ಮನೆಗಳಲ್ಲಿಯೂ ಈ ಲೆಕ್ಕ ತಿಳಿದಿರುವುದು ಒಳ್ಳೆಯದು.) ಆ ಹುಡುಗಿಗೆ ಪ್ರತಿದಿನ ಲೆಪ್ಟಿನ್ ಚುಚ್ಚುಮದ್ದು ಕೊಡಲಾಯಿತು. ಹಸಿವು ಹದಕ್ಕೆ ಬಂದಿತು. ಒಂದು ವರ್ಷದಲ್ಲಿ ಸುಮಾರು 16 ಕಿಲೋಗ್ರಾಂ ತೂಕ ಇಳಿಯಿತು. ಬುದ್ಧಿವಾದದಿಂದ ಇಳಿಯುವ ತೂಕ ಅದಾಗಿರಲಿಲ್ಲ.

ಇಂಥ ಮಕ್ಕಳು ಅತಿ ವಿರಳ. ದಪ್ಪಗಿರುವವರೆಲ್ಲರೂ ಲೆಪ್ಟಿನ್ನಿನ ಕೊರತೆಯವರೆಂದು ಹೇಳುವುದು ಇನ್ನೊಂದು ಬಗೆಯ ಅಜ್ಞಾನ. ಸಾಮಾನ್ಯ ಜನರಲ್ಲಿ ನೂರಾರು ಚಿಕ್ಕಪುಟ್ಟ ವಂಶವಾಹಿ ವ್ಯತ್ಯಾಸಗಳು ಹನಿಹನಿಯಾಗಿ ಕೂಡಿ ಪರಿಣಾಮ ಬೀರುತ್ತವೆ. ಅವುಗಳಲ್ಲಿ ಪ್ರಬಲವಾದ ಎಫ್‌ಟಿಓ 2007ರಲ್ಲಿ ಬೆಳಕಿಗೆ ಬಂದಿತು. ಅದರ ಒಂದು ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು ಯೂರೋಪಿನ ವಯಸ್ಕರಲ್ಲಿ ಆರಕ್ಕೆ ಒಬ್ಬರಷ್ಟಿದ್ದು, ಅದನ್ನು ಪಡೆಯದವರಿಗಿಂತ ಸರಾಸರಿ ಮೂರು ಕಿಲೋಗ್ರಾಂ ಹೆಚ್ಚು ತೂಗುತ್ತಾರೆ. ಪ್ರಬಲವೆನಿಸಿದ್ದರ ಬಲವೇ ಇಷ್ಟು! ಅದೂ ಮೈ ದಣಿಸಿ ದುಡಿಯುವವರಲ್ಲಿ ಮತ್ತು ಆಡುವವರಲ್ಲಿ ತಗ್ಗುತ್ತದೆಂದು ಎರಡು ಲಕ್ಷಕ್ಕೂ ಹೆಚ್ಚು ಜನರ ಅಂಕಿ ಅಂಶಗಳನ್ನು ಕೂಡಿಸಿ ನೋಡಿದವರು 2011ರಲ್ಲಿ ತೋರಿಸಿದರು.

ವಂಶವೂ ನೆಲವೂ ಸೇರಿದಾಗ ಏನಾಗುವುದೆಂಬುದಕ್ಕೆ ಪೀಮಾ ಜನರ ಕಥೆಗಿಂತ ಮಿಗಿಲಾದ ನಿದರ್ಶನ ದುರ್ಲಭ. ಅಮೆರಿಕದ ಅರಿಜೋನಾದಲ್ಲಿ ಹೀಲಾ ನದಿಯ ನೀರನ್ನು ನೆಚ್ಚಿ ಬೇಸಾಯ ಮಾಡುತ್ತಿದ್ದವರು ಅವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನದಿಯ ಮೇಲ್ಭಾಗದಲ್ಲಿ ನೆಲೆಸಿದ ವಲಸೆಗಾರರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಬೆಳೆ ಹೋಯಿತು, ಬೆಳೆಯೊಡನೆ ದುಡಿಮೆಯೂ ಹೋಯಿತು. ಕ್ರಮೇಣ ಹಿಟ್ಟು, ಸಕ್ಕರೆ, ಪ್ರಾಣಿಕೊಬ್ಬು ಅವರ ಆಹಾರವಾದವು. ಅವರ ದಾಯಾದಿಗಳಾದ ಇನ್ನೊಂದು ಗುಂಪು ಮೆಕ್ಸಿಕೋದ ಬೆಟ್ಟಗಳಲ್ಲಿ ಉಳುತ್ತ, ನಡೆಯುತ್ತ ಬದುಕಿತ್ತು. 2006ರಲ್ಲಿ ಪ್ರಕಟವಾದ ಅಧ್ಯಯನದಂತೆ ಮಧುಮೇಹವು ಅರಿಜೋನಾದ ಪೀಮಾ ಜನರಲ್ಲಿ ನೂರಕ್ಕೆ 38 ಮಂದಿಗೆ. ಮೆಕ್ಸಿಕೋದವರಲ್ಲಿ ಸುಮಾರು 7 ಮಂದಿಗೆ. ಅರಿಜೋನಾದ ಪೀಮಾ ಹೆಂಗಸಿನ ಗಾತ್ರವನ್ನು ಕಂಡು ನಗುವವರಿಗೆ ಆ ನದಿಯ ನೆನಪಾಗುವುದುಂಟೇ?

ತೆಳ್ಳಗಿರುವುದೂ ಆರೋಗ್ಯದ ಪ್ರಮಾಣಪತ್ರವಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಜೊತೆಯಾಗಿ ನಿಂತ ಚಿತ್ರವೊಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸರಿಸಮಾನರು. ಆದರೆ ದೇಹದ ಕೊಬ್ಬು ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ಭಾರತೀಯರಲ್ಲಿ ಸಣಕಲು ಮೈಯೊಳಗೂ ಹೀಗೆ ಕೊಬ್ಬು ಅಡಗಿರುವುದುಂಟು. ಅದರ ಹಿಂದೆಯೇ ಮಧುಮೇಹವೂ ಬರುವುದುಂಟು. ಪಂಕ್ತಿಯಲ್ಲಿ ನಾಲ್ಕು ಹೋಳಿಗೆ ಮುಗಿಸಿದ ಆ ಕಡ್ಡಿದೇಹದವನ ಎಲೆಯ ಕಡೆಗೆ ಮಾತ್ರ ಯಾರೂ ನೋಡಿರಲಿಲ್ಲ.