ಮಾಳಿಗೆ ಸೋರಿದರೆ ಗುತ್ತೇದಾರನೇಕೆ?

ಬಸವಕಲ್ಯಾಣದ ಹಳೆಯ ಓಣಿಗಳಲ್ಲೋ ಹುಮನಾಬಾದಿನ ಪೇಟೆಯ ಹಿಂದಿನ ಸಂದಿಗಳಲ್ಲೋ ಮಳೆಗಾಲ ಮುಗಿದ ಮೇಲೆ ಒಮ್ಮೆ ಸುತ್ತಿ ಬನ್ನಿ. ಕೆಡವುತ್ತಿರುವ ಮನೆಯೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಬೀದಿಗೆ ಬಂದು ಬಿದ್ದ ತೊಲೆ, ಜಂತಿ, ಕೆತ್ತನೆಯ ಬೋದಿಗೆ. ಪಕ್ಕದಲ್ಲೇ ಸಿಮೆಂಟಿನ ಚೀಲ, ಕಬ್ಬಿಣದ ಸರಳು. ಯಾಕೆ ಕೆಡವಿದಿರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: ಮಾಳಿಗೆ ಸೋರುತ್ತಿತ್ತು, ಗುತ್ತೇದಾರನನ್ನು ಕರೆಸಿದೆವು, ಅವನು ನೋಡಿ ಹೇಳಿದ, “ಕಾಕಾ, ಈ ಹಳೀ ಕಟ್ಟಿಗಿ ಇಟ್ಕೊಂಡು ಏನ್ ಮಾಡ್ತೀರಿ? ಕೆಡವ್ರಿ, ಸ್ಲ್ಯಾಬ್ ಹಾಕಿಸ್ರಿ.”

ಸೋರುವ ಮಾಳಿಗೆಗೆ ಗುತ್ತೇದಾರನನ್ನು ಕರೆಸಿದ್ದೇ ಮೊದಲ ತಪ್ಪು. ಕರೆಸಬೇಕಾದವನು ಬಡಿಗ. ಗೋಡೆಗೆ ಗಚ್ಚು ಬಲ್ಲ ಗೌಂಡಿ. ಈ ಮಾತು ಹಳೆಯದರ ಮೋಹದಿಂದ ಬಂದದ್ದೆಂದು ತಳ್ಳಿಹಾಕುವ ಮುನ್ನ ಲೆಕ್ಕ ನೋಡಿ.

ನಮ್ಮ ಕಡೆಯ ಗುತ್ತೇದಾರ ತಾನು ಎಲ್ಲ ಕೆಲಸ ಬಲ್ಲವನು ಎನ್ನುತ್ತಾನೆ. ಪಾಯದಿಂದ ಬಣ್ಣದವರೆಗೆ ಎಲ್ಲವನ್ನೂ ಒಂದೇ ಮಾತಿನಲ್ಲಿ ಒಪ್ಪಿಕೊಳ್ಳುತ್ತಾನೆ, ಚದರಡಿಗೆ ಇಷ್ಟು ಎಂದು ಬಾಯಲ್ಲೇ ಲೆಕ್ಕ ಹಾಕುತ್ತಾನೆ. ಆದರೆ ಅವನ ಬಳಿ ಇರುವ ಆಳುಗಳು ಯಾರು? ಸೆಂಟ್ರಿಂಗ್‌ನವರು, ಸರಳು ಕಟ್ಟುವವರು, ಕಾಂಕ್ರೀಟ್ ಸುರಿಯುವವರು. ಅಂದರೆ ಅವನೂ ಒಂದೇ ಕೆಲಸದ ತಜ್ಞ, ಸ್ಲ್ಯಾಬಿನ ತಜ್ಞ. ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟಲು ಅವನೇ ಬೇಕು, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಅವನು ಎಲ್ಲ ಬಲ್ಲವನ ವೇಷ ಹಾಕಿಕೊಂಡು ಬರುವುದರಲ್ಲಿ. ತನಗೆ ಗೊತ್ತಿರುವ ಒಂದೇ ಮದ್ದನ್ನು ಎಲ್ಲ ರೋಗಕ್ಕೂ ಬರೆದುಕೊಡುತ್ತಾನೆ. ದುರಸ್ತಿಗೆ ಚದರಡಿಯ ದರ ಹೇಳಲು ಬರುವುದಿಲ್ಲ. ಮೂರು ಜಂತಿ ಕೆಟ್ಟಿವೆಯೋ ಹದಿಮೂರು ಕೆಟ್ಟಿವೆಯೋ ಬಿಚ್ಚಿ ನೋಡದೆ ತಿಳಿಯದು. ಕೆಡವಿದರೆ ಮಾತ್ರ ದರ ಹೇಳಬಹುದು. ಹಾಗಾಗಿ ಕೆಡವಿ ಎನ್ನುತ್ತಾನೆ.

ಕೆಡವಲು ಮನೆಯವರು ಒಪ್ಪದಿದ್ದರೆ ಅವನ ಎರಡನೆಯ ಮದ್ದು ಇನ್ನೂ ಕೆಟ್ಟದ್ದು: ಮಣ್ಣಿನ ಮಾಳಿಗೆಯ ಮೇಲೆ ಎರಡು ಇಂಚು ಕಾಂಕ್ರೀಟ್. 20 ಅಡಿಗೆ 15 ಅಡಿಯ ಕೋಣೆ ಎಂದುಕೊಳ್ಳಿ. ಆ ಎರಡು ಇಂಚಿನ ತೂಕ ಮೂರು ಟನ್‌ಗೂ ಹೆಚ್ಚು. ಅಷ್ಟನ್ನೂ ಹೊರಬೇಕಾದದ್ದು ಅದೇ ಹಳೆಯ ತೊಲೆ. ಮೇಲೆ ಸಿಮೆಂಟು ಬಿಸಿಲಿಗೆ ಬಿರುಕು ಬಿಡುತ್ತದೆ, ನೀರು ಒಳಗಿಳಿಯುತ್ತದೆ, ಇಳಿದ ನೀರು ಆರಿ ಹೋಗಲು ದಾರಿಯಿಲ್ಲ. ಗೋಡೆಯದೂ ಅದೇ ಕತೆ. ಬೀದರ್ ಕೋಟೆ ಕಟ್ಟಿದ ಕೆಂಪುಕಲ್ಲೇ ಈ ಸೀಮೆಯ ಎಷ್ಟೋ ಮನೆಗಳ ಗೋಡೆಯಲ್ಲೂ ಇದೆ. ಅದು ತೂತುತೂತಿನ ಕಲ್ಲು. ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಚ್ಚು ಅದಕ್ಕೆ ಉಸಿರಾಡಲು ಬಿಡುತ್ತಿತ್ತು. ಸಿಮೆಂಟಿನ ಗಿಲಾವು ಬಾಯಿ ಮುಚ್ಚುತ್ತದೆ. ತೇವ ಗೋಡೆಯೊಳಗೆ ನಿಂತು, ಗೋಡೆಯಲ್ಲಿ ಹುದುಗಿರುವ ತೊಲೆಯ ತುದಿಯನ್ನೇ ಮೊದಲು ಕೊಳೆಸುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಹೊಸದು, ತೊಲೆ ಗಟ್ಟಿ. ಬೀಳುವ ದಿನದವರೆಗೂ ಹಾಗೇ ಕಾಣುತ್ತದೆ.

ಮಾಳಿಗೆ ಬಲ್ಲ ಬಡಿಗ ಬಂದರೆ ದರ ಹೇಳುವ ಮೊದಲು ಏಣಿ ಕೇಳುತ್ತಾನೆ. ಮೇಲೆ ಹತ್ತಿ ನೀರಿನ ಇಳಿಜಾರು ಯಾವ ಕಡೆಗಿದೆ, ಹರನಾಳಿಗೆ ಕಟ್ಟಿಕೊಂಡಿದೆಯೇ ಎಂದು ನೋಡುತ್ತಾನೆ. ಕೆಳಗಿಳಿದು ತೊಲೆಯನ್ನು ಬಡಿದು ಸದ್ದು ಕೇಳುತ್ತಾನೆ, ಗೋಡೆಗೆ ತಾಗುವ ಕಡೆ ಉಳಿಯ ಮೊನೆ ಚುಚ್ಚಿ ನೋಡುತ್ತಾನೆ. ಮೆತ್ತಗಿದ್ದರೆ ಕೆಟ್ಟ ತುದಿಯಷ್ಟನ್ನೇ ಕೊಯ್ದು ಹೊಸ ತುಂಡು ಬೆಸೆಯುತ್ತಾನೆ, ಇಲ್ಲವೇ ಅಡಿಗೊಂದು ಕಂಬ ಕೊಡುತ್ತಾನೆ. ವರ್ಷವರ್ಷ ಹಳೆಯದನ್ನು ತೆಗೆಯದೆ ಸವಳು ಮಣ್ಣು ಸುರಿದಿದ್ದರೆ ಮೊದಲು ಅದನ್ನು ಇಳಿಸಿ ಎನ್ನುತ್ತಾನೆ. ಅದೇ 20 ಅಡಿಗೆ 15 ಅಡಿಯ ಕೋಣೆಯ ಮೇಲೆ ಒಂದು ಇಂಚು ಮಣ್ಣೆಂದರೆ ಸುಮಾರು ಒಂದು ಟನ್. ಗುತ್ತೇದಾರ ಭಾರ ಏರಿಸುವಲ್ಲಿ ಬಡಿಗ ಭಾರ ಇಳಿಸುತ್ತಾನೆ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪ ಬರುತ್ತದೆ: ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಬಸವಕಲ್ಯಾಣದಿಂದ ಹೆಚ್ಚು ದೂರವಿಲ್ಲದ ಆ ಹಳ್ಳಿಗಳಲ್ಲಿ ಸಾವಿರಾರು ಜನ ಸತ್ತದ್ದು ಇಂಥ ಮನೆಗಳ ಅಡಿಯಲ್ಲೇ ಅಲ್ಲವೇ? ಹೌದು. ಆ ಭಯ ಇನ್ನೂ ನಮ್ಮ ಹಿರಿಯರಲ್ಲಿದೆ, ಅದನ್ನು ಹಗುರಾಗಿ ಮಾತಾಡಬಾರದು. ಆದರೆ ಕೊಂದದ್ದು ಏನು? ಎರಡು ಪದರದ ಕಲ್ಲುಗೋಡೆ, ನಡುವೆ ಚೂರುಕಲ್ಲು ಮತ್ತು ಮಣ್ಣು, ಎರಡೂ ಪದರವನ್ನು ಹಿಡಿದಿಡುವ ಉದ್ದದ ಅಡ್ಡಗಲ್ಲಿಲ್ಲ. ಮೇಲೆ ಅಡಿ ಎರಡಡಿ ದಪ್ಪದ ಮಣ್ಣು. ಗೋಡೆ ಕುಸಿದರೂ ಕಂಬ ತೊಲೆಗಳ ಬೆಸುಗೆ ಗಟ್ಟಿಯಿದ್ದ ಕಡೆ ಮಾಳಿಗೆ ನಿಂತದ್ದುಂಟು. ಆಮೇಲೆ ಎಂಜಿನಿಯರುಗಳು ಉಳಿದ ಮನೆಗಳಿಗೆ ಹೇಳಿದ ಉಪಾಯಗಳೂ ಇವೇ: ಮಣ್ಣಿನ ದಪ್ಪ ಇಳಿಸಿ, ಗೋಡೆಗೆ ಅಡ್ಡಗಲ್ಲು ಕೊಡಿ, ಕಂಬಕ್ಕೂ ತೊಲೆಗೂ ಓರೆ ಆಸರೆ ಬಿಗಿಯಿರಿ. ಇವು ಬಡಿಗನ ಮತ್ತು ಗೌಂಡಿಯ ಕೆಲಸಗಳು. ಕಿಲ್ಲಾರಿಯ ಪಾಠವನ್ನು ಓದಿದವರು ಅರೆಬರೆ ತಿಳಿದ ಕೈಗೆ ಹಳೆಯ ಮನೆ ಕೊಡಬಾರದು. ತಜ್ಞನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನೊಂದು ಆಕ್ಷೇಪ ಅನುಕೂಲದ್ದು. ಬಡಿಗ, ಗೌಂಡಿ, ಮಣ್ಣಿನವರು, ಮೂವರ ಹಿಂದೆ ಅಲೆಯುವವರಾರು? ಕೆಲಸ ಕೆಟ್ಟರೆ ಯಾರನ್ನು ಹಿಡಿಯುವುದು? ಮಾತಿನಲ್ಲಿ ನ್ಯಾಯವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ ಗುಂಡನೆಂಬ ಸೂತ್ರಧಾರಿಯನ್ನು ಹೆಸರಿಸುತ್ತದೆ. ಅದೇ ಊರಿನ ಗುಡಿಗಳ ಮೇಲೆ ಬಿಡಿ ಶಿಲ್ಪಿಗಳ ಹೆಸರುಗಳೂ ಕೊರೆದಿವೆ. ಸೂತ್ರ ಹಿಡಿಯುವವನೊಬ್ಬ ಬೇಕು, ಉಳಿ ಹಿಡಿಯುವವರು ಹಲವರು ಬೇಕು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೋಡಿದವರಿಗೆ ಆ ಬಳುಕು ಸಾಮಾನ್ಯ ಕೂಲಿಯ ಕೈಯಿಂದ ಬಂದದ್ದಲ್ಲವೆಂದು ಹೇಳಬೇಕಾಗಿಲ್ಲ. ನಮ್ಮ ಗುತ್ತೇದಾರ ಸೂತ್ರಧಾರಿಯಾಗಲಿ, ಬೇಡವೆನ್ನುವವರಿಲ್ಲ. ಆದರೆ ಮರದ ಕೆಲಸಕ್ಕೆ ಯಾವ ಬಡಿಗ ಬರುತ್ತಾನೆ ಎಂಬುದನ್ನು ಕರಾರಿನಲ್ಲಿ ಬರೆಯಲಿ. ಆ ಒಂದು ಸಾಲು ಬರೆಯಲು ಅವನು ಹಿಂಜರಿದರೆ ಉತ್ತರ ಸಿಕ್ಕಂತೆ.

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಬಡಿಗನ ಮಗ ಬಡಿಗನೇ ಆಗಲಿ ಎನ್ನುತ್ತಿದ್ದೀರಾ? ಕಲ್ಯಾಣದಲ್ಲಿ ನಿಂತು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಇಲ್ಲಿ ಹನ್ನೆರಡನೆಯ ಶತಮಾನದಲ್ಲಿ ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಬಾಚಿ ಕಾಯಕದ ಬಸವಯ್ಯ ಎಂದು ಮನುಷ್ಯನನ್ನು ಅವನ ಕೆಲಸದಿಂದ ಕರೆದರು. ಆ ಬಾಚಿ ಬಡಿಗನ ಸಲಕರಣೆಯೇ. ಆದರೆ ಅದೇ ಊರಿನಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು. ಕಾಯಕಕ್ಕೆ ಗೌರವ ಕೊಟ್ಟವರೇ ಜಾತಿಯ ಬೇಲಿ ಮುರಿದರು. ತಜ್ಞತೆ ರಕ್ತದಲ್ಲಿ ಬರುವುದಿಲ್ಲ, ಕೈ ಪಳಗಿ ಬರುತ್ತದೆ. ಕಲಿಯಬೇಕೆಂಬ ಯಾರಿಗೂ ಅದು ತೆರೆದಿರಬೇಕು. ಐಟಿಐಗಳಲ್ಲಿ ಬಡಗಿ ಕೆಲಸ, ಗೌಂಡಿ ಕೆಲಸ ಕಲಿಸುತ್ತಾರೆ. ಹಳೆಯ ತೊಲೆಯನ್ನು ಪರೀಕ್ಷಿಸಿ ಬೆಸೆಯುವುದನ್ನೂ ಸುಣ್ಣ ಅರೆಯುವುದನ್ನೂ ಬೀದರ್ ಜಿಲ್ಲೆಯ ಮಕ್ಕಳಿಗೆ ಕಲಿಸಲಿ, ಹೆಣ್ಣುಮಕ್ಕಳಿಗೂ ಕಲಿಸಲಿ. ಬಡಿಗರು ಸಿಗುವುದಿಲ್ಲ ಎಂದು ಗೊಣಗುವವರು ಕೊನೆಯ ಬಾರಿ ಬಡಿಗನಿಗೆ ಕೆಲಸ ಕೊಟ್ಟದ್ದು ಯಾವಾಗ? ಕೆಲಸವಿಲ್ಲದ ಕೈ ಹೆದ್ದಾರಿ ಹಿಡಿದು ಹೈದರಾಬಾದಿಗೋ ಪುಣೆಗೋ ಹೋಗುತ್ತದೆ, ಅಲ್ಲಿ ಸೆಂಟ್ರಿಂಗ್ ಹಲಗೆ ಬಡಿಯುತ್ತದೆ.

2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ನೂರಾರು ಕೋಟಿಯ ಕೆಲಸ. ಕಾಯಕವನ್ನು ಸಾರಿದವರಿಗೆ ಅಷ್ಟು ದೊಡ್ಡ ಮಂಟಪ ಬೇಕೋ ಬೇಡವೋ ಎಂಬ ಚರ್ಚೆ ಬೇರೆ. ಅದೇ ಊರಿನ ಓಣಿಯಲ್ಲಿ ಬಾಚಿ ಹಿಡಿದವನನ್ನು ಕರೆಯುವವರಿಲ್ಲ ಎಂಬುದು ನನ್ನ ದೂರು. ಇದಕ್ಕೆ ಸರಕಾರದ ಆದೇಶ ಕಾಯಬೇಕಾಗಿಲ್ಲ. ಮುಂದಿನ ಬೇಸಿಗೆಯಲ್ಲಿ, ಮಿರಗದ ಮಳೆಗೆ ಮುನ್ನ, ಗುತ್ತೇದಾರನ ಕೈಗೆ ಮುಂಗಡ ಕೊಡುವ ಮೊದಲು ಬಡಿಗನೊಬ್ಬನಿಗೆ ಒಂದು ದಿನದ ಪಗಾರ ಕೊಟ್ಟು ಮಾಳಿಗೆ ಹತ್ತಿಸಿ. ಅವನೇ ಕೆಡವಿ ಎಂದರೆ ಕೆಡವಿ.